ಹಾಲನ್ನು ಮೈಲಿಗೆ ಮಾಡಿದ ದೊಡ್ಡಮ್ಮ

ಉಪ್ಪನ್ನು ತೊಳೆಯುವುದಕ್ಕೆ ಆಗುವುದಿಲ್ಲವಲ್ಲ ಎನ್ನುವುದು ದೊಡ್ಡಮ್ಮನಿಗೆ ಜೀವಮಾನದ ಕೊರಗು. ಬೇಳೆ ತೊಳೆಯುತ್ತಿದ್ದರು, ಸರಿ, ಅದನ್ನು ಎಲ್ಲರೂ ತೊಳೆಯುತ್ತಾರೆ. ಬೆಲ್ಲದ ಅಚ್ಚಿಗೂ ನೀರು ಚಿಮುಕಿಸಿ ಒರೆಸುತ್ತಿದ್ದರು. ಬಾವಿಯ ಹಗ್ಗಕ್ಕೆ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದರು. ಉಪ್ಪಿನ ಮುಂದೆ ಮಾತ್ರ ಸೋತು ಕೂತಿದ್ದರು. ಅಂಗಡಿಯಲ್ಲಿ ಅದಕ್ಕೆ ಯಾರು ಯಾರು ಕೈ ಹಾಕಿದ್ದಾರೋ ಎಂದು ಉಪ್ಪಿನ ಮರಿಗೆಯನ್ನು ಅನುಮಾನದಿಂದ ನೋಡುತ್ತಲೇ ಅವರ ಸಂಸಾರ ಸಾಗಿತು.

ಹೋದ ವಾರ, ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆಗೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತವರೆಲ್ಲ ಇಂಥವೇ ಮಡಿಯ ಕಥೆ ತೆಗೆದು ನಗುತ್ತಿದ್ದರು. ನಾನೂ ನಕ್ಕೆ. ನಗದೆ ಏನು, ಆ ಬೀದಿಯಲ್ಲಿದ್ದಾಗ ದೊಡ್ಡಮ್ಮನ ಮಡಿಯ ಕಥೆಗಳನ್ನು ನನ್ನಷ್ಟು ಚೆನ್ನಾಗಿ ಯಾರೂ ಹೇಳುತ್ತಿರಲಿಲ್ಲ. ಆದರೆ ಎಲೆ ಎತ್ತುವ ಹೊತ್ತಿಗೂ ಆ ಒಂದು ಕಥೆಯನ್ನು ಯಾರೂ ಹೇಳಲಿಲ್ಲ. ನನಗೆ ಸಿಟ್ಟು ಬಂತು. ಹೇಳುವವರಿದ್ದರೆ ನಾನೇ ತಾನೆ? ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಬೇಡ. ಬೀದಿಗೆಲ್ಲ ಅವರು ದೊಡ್ಡಮ್ಮ. ಬೆನ್ನ ಹಿಂದೆ ಬೇರೆ ಏನೇನೋ. ಎತ್ತರದ ಆಳು, ಮೂಳೆ ಎದ್ದು ಕಾಣುವ ಮೈ, ಹಣೆ ತುಂಬ ವಿಭೂತಿ, ಯಾವಾಗ ನೋಡಿದರೂ ಅರ್ಧ ಒದ್ದೆಯಾಗಿರುವ ಸೀರೆ. ಬೀದಿಯಲ್ಲಿ ಹೋದರೆ ನಟ್ಟನಡುವೆಯೇ ಹೋಗಬೇಕು. ಈ ಕಡೆ ಸರಿದರೆ ಒಂದು ಗೋಡೆ, ಆ ಕಡೆ ಸರಿದರೆ ಇನ್ನೊಂದು, ಯಾವುದನ್ನು ಯಾರು ಮುಟ್ಟಿರುತ್ತಾರೋ. ಎದುರಿಗೆ ಗಾಡಿ ಬಂದರೆ ಗಾಡಿಯವನೇ ಎತ್ತು ತಡೆದು ನಿಲ್ಲುತ್ತಿದ್ದ. ಯಜಮಾನರು ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದರು, ಬಲು ಸಾಧು. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಕೈಕಾಲು ತೊಳೆದು, ಅಂಗೈ ಒಂದು ಸಲ, ಹಿಂಗೈ ಒಂದು ಸಲ ಹೆಂಡತಿಗೆ ತೋರಿಸಿ ಒಳಗೆ ಹೋಗುತ್ತಿದ್ದರು. ದೊಡ್ಡಮ್ಮ ಊರಲ್ಲಿಲ್ಲದ ದಿನವೂ ತೋರಿಸಿಯೇ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಅರಕಲಗೂಡಿನ ಕಡೆಯವಳು. ನಮ್ಮವರು ಹೊಳೆನರಸೀಪುರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ದೊಡ್ಡಮ್ಮನ ಮನೆಯ ಎದುರಿಗೆ ಬಾಡಿಗೆಗಿದ್ದೆವು. ನಾವು ಒಕ್ಕಲು ಮಕ್ಕಳು, ಅವರು ಲಿಂಗವಂತರು. ಹೊಸದಾಗಿ ಬಂದ ಸೊಸೆ ಎಂದು ನನ್ನನ್ನು ಕರೆದು ಎಲೆ ಅಡಿಕೆ ಕೊಟ್ಟರು. ಕೊಟ್ಟರು ಎಂದರೆ ನನ್ನ ಸೆರಗಿಗೆ ಮೇಲಿನಿಂದ ಬಿಟ್ಟರು. ಒಂದು ಎಲೆ ಗಾಳಿಗೆ ಹಾರಿ ಚರಂಡಿಗೆ ಬಿತ್ತು. ಆಮೇಲೆ ಎಷ್ಟು ವರ್ಷವಾದರೂ ಮಾತುಕತೆಯೆಲ್ಲ ಬೀದಿಯಲ್ಲಿ ನಿಂತೇ. ನಮ್ಮ ಹೊಸ್ತಿಲು ಅವರು ತುಳಿದವರಲ್ಲ, ಯಾರ ಹೊಸ್ತಿಲನ್ನೂ ತುಳಿದವರಲ್ಲ. ಹೊತ್ತು ಸಿಕ್ಕಾಗೆಲ್ಲ ತಮ್ಮ ಜಗಲಿಯ ಮೇಲೆ ಕೂತು ಯಾರು ಏನನ್ನು ಮುಟ್ಟಿದರು, ಮುಟ್ಟಿದ ಕೈಯನ್ನು ಎಲ್ಲಿಗೆ ಒರೆಸಿದರು ಎಂದು ನೋಡುವುದೇ ಅವರ ಕೆಲಸ. ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನಗೆ ಪುಟ್ಟಿ ಹುಟ್ಟಿದಳು. ಬಾಣಂತನ ಮುಗಿಯುವಷ್ಟರಲ್ಲಿ ವಿಷಮಶೀತ ಜ್ವರ ಹಿಡಿದು ನಾನು ಹಾಸಿಗೆ ಸೇರಿದೆ. ಬದುಕಿ ಎದ್ದೆ, ಎದೆಹಾಲು ಮಾತ್ರ ಬತ್ತಿ ಹೋಗಿತ್ತು. ನಮ್ಮವರು ಹಾಸನದಲ್ಲಿ ಯಾರು ಯಾರದೋ ಕೈಕಾಲು ಹಿಡಿದು ಡಬ್ಬಿ ಹಾಲಿನ ಪುಡಿ ತಂದರು. ಬಿಸಿನೀರಿಗೆ ಕಲಸಿ, ಕೂಸುಗಳಿಗೆ ಕುಡಿಸುವ ಒಳಲೆಯಲ್ಲಿ ಹಾಕುತ್ತಿದ್ದೆವು. ಹಾಕಿ ಸ್ವಲ್ಪ ಹೊತ್ತಿಗೆ ಮಗು ಮೊಸರಿನ ಹಾಗೆ ಕಾರಿಕೊಳ್ಳುತ್ತಿತ್ತು. ಕೆನ್ನೆ, ಕತ್ತು, ಮೊಣಕೈ ಸಂದು, ಎಲ್ಲ ಕಡೆ ಕೆಂಪು ದದ್ದು ಎದ್ದು ಒಡೆದು ಸೋರುತ್ತಿತ್ತು. ಭೇದಿಯಲ್ಲಿ ರಕ್ತದ ಎಳೆ ಕಾಣಿಸಿತು.

ಡಬ್ಬಿಯದೇ ತಪ್ಪು ಎಂದು ಎಲ್ಲರೂ ತೀರ್ಮಾನ ಮಾಡಿದರು. ಯಾವ ದೇಶದ್ದೋ, ಯಾವ ಹಡಗಿನಲ್ಲಿ ಎಷ್ಟು ತಿಂಗಳು ಕೊಳೆತಿತ್ತೋ. ಸುದ್ದಿ ಚನ್ನರಾಯಪಟ್ಟಣದ ಹತ್ತಿರದ ಊರಲ್ಲಿದ್ದ ನಮ್ಮ ಅತ್ತೆಗೆ ಮುಟ್ಟಿತು. ನಮ್ಮ ಅತ್ತೆ ಸಾಮಾನ್ಯದವರಲ್ಲ. ಮಾರನೆಯ ವಾರ ಒಂದು ಸಂಜೆ ತಮ್ಮ ಕೊಟ್ಟಿಗೆಯ ಕಪ್ಪು ಹಸುವನ್ನು ಕರುವಿನ ಸಮೇತ ಹೊಡೆಸಿಕೊಂಡು ನಮ್ಮ ಬೀದಿಗೆ ಬಂದೇ ಬಿಟ್ಟರು. ಅವರ ಮಕ್ಕಳೆಲ್ಲ ಅದೇ ಹಸುವಿನ ಅಜ್ಜಿಯ ಹಾಲು ಕುಡಿದು ಬೆಳೆದವರಂತೆ. ಹಿತ್ತಲಲ್ಲಿ ಹಸು ಕಟ್ಟಿದೆವು. ನೊರೆಹಾಲು ಕರೆದು ಬಜೆ ತೇಯ್ದು ಹಾಕಿ ಕಾಸಿ ಕೊಟ್ಟದ್ದಾಯಿತು. ದದ್ದು ಇನ್ನೂ ಜಾಸ್ತಿಯಾಯಿತು. ಅತ್ತೆ ಹಾಲಿಗೆ ನೀರು ಬೆರೆಸಿದರು, ತುಳಸಿ ಹಾಕಿದರು, ದೃಷ್ಟಿ ತೆಗೆದರು. ಹಸುವಿಗೂ ದೃಷ್ಟಿ ತೆಗೆದರು.

ಕೊನೆಗೆ ರೈಲು ಹತ್ತಿ ಹಾಸನದ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ತಾಳ್ಮೆಯಿಂದ ಎಲ್ಲ ಕೇಳಿದರು. ತೂಕದ ಮೇಲೆ ನಂಬಿಕೆ ಬರದೆ ಮಗುವನ್ನು ಮತ್ತೊಂದು ಸಲ ತಕ್ಕಡಿಯಲ್ಲಿ ಮಲಗಿಸಿದರು. ಆಮೇಲೆ ಹೇಳಿದರು, ಕೆಲವು ಮಕ್ಕಳಿಗೆ ಹಾಲೇ ಒಗ್ಗುವುದಿಲ್ಲ, ಡಬ್ಬಿಯದಾಗಲಿ ಹಸುವಿನದಾಗಲಿ ಎರಡೂ ಒಂದೇ, ನನಗೆ ಅದೇ ಅನುಮಾನ, ಪೂರ್ತಿ ನಿಲ್ಲಿಸಿ ನೋಡಿ. ರಾಗಿ ಸರಿ, ಬೇಳೆ ಕಟ್ಟು, ತೆಂಗಿನಕಾಯಿ ಹಾಲು ಕೊಡಿ. ಹಾಲೇ ಕಾರಣವಾದರೆ ದದ್ದು ಇಳಿಯುತ್ತದೆ. ಇಳಿಯದಿದ್ದರೆ ತಡಮಾಡದೆ ಕರೆದುಕೊಂಡು ಬನ್ನಿ, ಈ ಮಗುವಿಗೆ ಕಾಯುವ ಶಕ್ತಿ ಇಲ್ಲ ಎಂದರು.

ಮನೆಗೆ ಬಂದು ಹೇಳಿದರೆ ಅತ್ತೆ ಎದೆ ಬಡಿದುಕೊಂಡರು. ಹಾಲಿಲ್ಲದೆ ಮಗು ಬದುಕಿದ್ದನ್ನು ಅವರ ಏಳು ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ. ಆದರೂ ನಿಲ್ಲಿಸಿದೆವು. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಸರಿ ಕಾಸಿ ಕೊಟ್ಟೆ. ವಾರ ಕಳೆಯಿತು. ದದ್ದು ಹಾಗೇ ಇತ್ತು, ರಕ್ತವೂ ಹಾಗೇ. ಅತ್ತೆ ನನ್ನ ಮುಖ ನೋಡಿದರು. ಡಾಕ್ಟರ ಮಾತನ್ನು ವೇದದ ಹಾಗೆ ನಂಬಿದ್ದ ನಮ್ಮವರೂ, ಹಾಲಿನ ತಪ್ಪಲ್ಲ ಅಂತ ಕಾಣುತ್ತೆ, ನಾಳೆಯಿಂದ ತೆಳ್ಳಗೆ ಮಾಡಿ ಕೊಡೋಣ, ರಜೆ ಸಿಕ್ಕಿದ ಕೂಡಲೇ ಹಾಸನಕ್ಕೆ ಹೋಗೋಣ ಎಂದರು. ನಾಗರ ದೋಷವಿರಬೇಕು ಎಂದು ಯಾರೋ ಹೇಳಿದರು. ಇಷ್ಟು ದಿನ ಅತ್ತು ಅತ್ತು ಬೀದಿ ಎಬ್ಬಿಸುತ್ತಿದ್ದ ಪುಟ್ಟಿ ಅಳುವುದನ್ನೇ ಬಿಟ್ಟಿದ್ದಳು. ಕೂರುವ ವಯಸ್ಸಿಗೆ ಅವಳ ಕತ್ತು ನಿಲ್ಲುತ್ತಿರಲಿಲ್ಲ. ಅಳದೆ ಸುಮ್ಮನೆ ಮೇಲೆ ನೋಡುತ್ತ ಮಲಗಿರುತ್ತಿದ್ದಳು. ಮಗು ಉಳಿಯುವುದಿಲ್ಲ ಎಂದೇ ನನಗೆ ಅನ್ನಿಸಿಬಿಟ್ಟಿತ್ತು.

ಆವತ್ತು ಮಧ್ಯಾಹ್ನ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ನಮ್ಮ ಜಗಲಿಯಲ್ಲಿ ಕೂತಿದ್ದೆ. ದೊಡ್ಡಮ್ಮ ಎದ್ದು ಬೀದಿ ದಾಟಿ ಬಂದು ನನ್ನೆದುರು ನಿಂತರು. ನಾಳೆಯಿಂದ ಮತ್ತೆ ಹಾಲು ಕೊಡುತ್ತೇವೆ ಎಂದು ಹೇಳಿದೆ. ಅವರು ತಲೆ ಆಡಿಸಿದರು.

"ನೀವು ಆಲು ನಿಲ್ಲಿಸೇ ಇಲ್ವಲ್ಲವ್ವ. ಒಳಲೇಲಿ ನಿಲ್ಲಿಸಿದೀರ, ಕೈಲಿ ನಿಲ್ಲಿಸಿಲ್ಲ."

ಏನು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಅವರು ತಮ್ಮ ಜಗಲಿಯಿಂದ ಕಂಡದ್ದನ್ನೆಲ್ಲ ಹೇಳಿದರು. ನಿಮ್ಮತ್ತೆ ಹಾಲು ಕರೆದು ಜಗಲಿಗೆ ಬರುತ್ತ ಕೈಯನ್ನು ಸೆರಗಿಗೆ ಒರೆಸುತ್ತಾರೆ, ಅದೇ ಸೆರಗಿನಲ್ಲಿ ಮಗುವಿನ ಬಾಯಿ ಒರೆಸುತ್ತಾರೆ. ದಿನಾ ಬೆಳಗ್ಗೆ ಬಿಸಿಲಿಗೆ ಕೂತು ನೀನೇ ಆ ದದ್ದಿಗೆಲ್ಲ ಹಾಲಿನ ಕೆನೆ ಹಚ್ಚಿ ತಿಕ್ಕುತ್ತೀಯ. ಬೀದಿಯ ಹೆಂಗಸರು ಮಗು ನೋಡಲು ಬಂದವರು ಒಬ್ಬೊಬ್ಬರೂ ಬೆರಳಲ್ಲಿ ಬೆಣ್ಣೆ ನೆಕ್ಕಿಸಿ ಚೆನ್ನಾಗಿರು ಎಂದು ಹರಸಿ ಹೋಗುತ್ತಾರೆ. ಸರಿಗೆ ತುಪ್ಪ ಬಿಡುತ್ತೀಯೋ ಇಲ್ಲವೋ ಹೇಳು.

ಬಿಡುತ್ತಿದ್ದೆ. ತುಪ್ಪ ಬಿಡದೆ ಮಕ್ಕಳಿಗೆ ಸರಿ ಕೊಡುತ್ತಾರೆಯೇ? ನೋಡಿ, ನಮ್ಮ ಕಡೆ ಹಾಲು ಕೊಡಬೇಡಿ ಎಂದರೆ ಲೋಟದಲ್ಲಿರುವ ಬಿಳಿ ಹಾಲು ಎಂದೇ ಅರ್ಥ. ಕೆನೆ ಮದ್ದು, ಬೆಣ್ಣೆ ಆಶೀರ್ವಾದ, ತುಪ್ಪ ಶಾಸ್ತ್ರ. ಇವನ್ನು ಹಾಲಿನ ಲೆಕ್ಕಕ್ಕೆ ಹಿಡಿಯುವವರು ಯಾರಿದ್ದಾರೆ? ಮೇಲಾಗಿ ಲೋಕದಲ್ಲಿ ಮೈಲಿಗೆ ಅಂಟದ ವಸ್ತು ಒಂದಿದ್ದರೆ ಅದು ಹಾಲು. ದೊಡ್ಡಮ್ಮನಂಥ ದೊಡ್ಡಮ್ಮನೂ ಹಾಲನ್ನು ಮಾತ್ರ ಯಾರು ಕರೆದು ತಂದರೂ ತೆಗೆದುಕೊಳ್ಳುತ್ತಿದ್ದರು, ದಿನವೂ ಅದರಲ್ಲೇ ಶಿವನಿಗೆ ಅಭಿಷೇಕ ಮಾಡುತ್ತಿದ್ದರು. ಆ ಬಾಯಲ್ಲಿ ಮುಂದಿನ ಮಾತು ಹೊರಡುವ ಮೊದಲು ಅವರು ಎರಡೂ ಕೆನ್ನೆ ಬಡಿದುಕೊಂಡು ಶಿವನಿಗೆ ತಪ್ಪಾಯಿತು ಎಂದು ಹೇಳಿಕೊಂಡರು.

"ಈ ಕೂಸಿಗೆ ಆಲು ಮೈಲಿಗೆ. ಮುಟ್ಟಿದ ಕೈ ಮೈಲಿಗೆ, ಮುಟ್ಟಿದ ಸೀರೆ ಮೈಲಿಗೆ, ಕಾಸಿದ ಒಲೆ ಮೈಲಿಗೆ. ಅಂಗೆ ಮಾಡಿದ್ರೆ ಉಳೀತದೆ. ಮಡಿ ಮಾಡಕ್ಕೆ ನಿಮ್ಗೆ ಬರಕಿಲ್ಲ ಕಣವ್ವ, ನಂಗೆ ಬತ್ತದೆ. ಕೊಡಿಲ್ಲಿ."

ಎಂದು ಬಗ್ಗಿ, ಸೋರುವ ದದ್ದಿನ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡು ಬೀದಿ ದಾಟಿ ನಡೆದೇ ಬಿಟ್ಟರು. ಎಲೆ ಅಡಿಕೆ ಮೇಲಿನಿಂದ ಬಿಟ್ಟವರು. ಬೀದಿಯ ಬಾವಿಯಲ್ಲಿ ನೀರು ಸೇದುತ್ತಿದ್ದವರು ಹಗ್ಗ ಹಿಡಿದು ಹಾಗೇ ನಿಂತರು. ಒಳಗಿನಿಂದ ಬಂದ ನಮ್ಮ ಅತ್ತೆ ಮಗು ಎಲ್ಲಿ ಎಂದರೆ ನಾನು ಎದುರು ಮನೆಯ ಕಡೆ ಕೈ ತೋರಿಸಿದೆ.

ಅಲ್ಲಿಂದ ಶುರುವಾಯಿತು ನೋಡಿ ದೊಡ್ಡಮ್ಮನ ದರ್ಬಾರು. ಹೊಸ ಮಡಕೆ, ಹೊಸ ಸೌಟು, ಅಂಗಳದ ಮೂಲೆಯಲ್ಲಿ ಪುಟ್ಟಿಗೇ ಬೇರೆ ಒಲೆ. ಪುಟ್ಟಿಯನ್ನು ಎತ್ತಿಕೊಳ್ಳುವುದಕ್ಕೇ ಎಂದು ಎರಡು ಸೀರೆ, ಅವು ಒಣಗುವುದು ಯಾರ ಕೈಗೂ ಎಟುಕದ ಗಳುವಿನ ಮೇಲೆ. ಕೆನೆಯ ಬದಲು ಕೊಬ್ಬರಿ ಎಣ್ಣೆ. ತುಪ್ಪದ ಬದಲು ತೆಂಗಿನಕಾಯಿ ತುರಿದು ರುಬ್ಬಿ ಹಿಂಡಿದ ಹಾಲು. ಅವರ ಮನೆಯಲ್ಲಿ ಕಾಯಿಗೇನು ಬರವೇ. ಆ ಮನೆಯೊಳಗೆ ಹಸುವಿನ ಹಾಲು, ಮೊಸರು, ಬೆಣ್ಣೆ ಎಲ್ಲಕ್ಕೂ ಬಹಿಷ್ಕಾರ. ದೊಡ್ಡಮ್ಮ ತಾವೂ ಬಿಟ್ಟರು. ಶಿವನಿಗೆ ಎಳನೀರಿನ ಅಭಿಷೇಕ ಶುರುವಾಯಿತು. ಯಜಮಾನರಿಗೆ ಬೆಲ್ಲದ ಕರಿ ಕಾಫಿ. ಅಂಗಡಿಯಲ್ಲಾದರೂ ಹಾಲು ಹಾಕಿದ ಕಾಫಿ ಕುಡಿಯಬಹುದಲ್ಲ ಎಂದು ನಮ್ಮವರು ಕೇಳಿದ್ದಕ್ಕೆ, ಬೇಡ ಮೇಷ್ಟ್ರೇ, ಬಾಯಿ ಮೂಸಿ ನೋಡ್ತಾಳೆ ಎಂದರಂತೆ ಪಾಪ.

ಹೆತ್ತವಳು ಎಂದು ನನಗೇನೂ ರಿಯಾಯಿತಿ ಇರಲಿಲ್ಲ. ಮಗು ನೋಡಬೇಕೆಂದರೆ ತಲೆಗೆ ನೀರು ಹುಯ್ದುಕೊಂಡು, ಬೇರೆ ಸೀರೆ ಉಟ್ಟು, ಮೊಣಕೈವರೆಗೆ ಸೀಗೆ ಹಾಕಿ ತಿಕ್ಕಿ, ಕೈ ತೋರಿಸಿ ಒಳಗೆ ಹೋಗಬೇಕು. ಕತ್ತಲಾದ ಮೇಲೆ ಮಗುವನ್ನು ನನ್ನ ಜೊತೆ ಮಲಗಲು ಕಳಿಸುತ್ತಿದ್ದರು, ಅದೂ ನನ್ನ ಕೋಣೆಗೆ ಹಾಲು ಕಾಲಿಡದು ಎಂದು ಆಣೆ ಹಾಕಿಸಿಕೊಂಡು. ನಮ್ಮ ಅತ್ತೆಗೆ ಇದೆಲ್ಲ ಅವಮಾನ. ನನ್ನ ಮೊಮ್ಮಗಳನ್ನು ಮುಟ್ಟಲು ನಾನು ಮೀಯಬೇಕಾ ಎಂದು ಮುನಿಸಿಕೊಂಡು ಹಿತ್ತಲಲ್ಲಿ ಹಸುವಿನ ಪಕ್ಕ ಕೂತರು. ಒಂದು ದಿನ ತಡೆಯಲಾರದೆ ಮಿಂದು, ಒದ್ದೆ ಕೂದಲಲ್ಲೇ ಬೀದಿ ದಾಟಿ ಹೋಗಿ, ಎರಡೂ ಕೈ ಮುಂದೆ ಚಾಚಿ ನಿಂತರು. ದೊಡ್ಡಮ್ಮ ಉಗುರಿನ ಸಂದಿನವರೆಗೆ ನೋಡಿ ಒಳಗೆ ಬಿಟ್ಟುಕೊಂಡರು.

ಅಮಲ್ದಾರರ ಹೆಂಡತಿ ಬಂದದ್ದಂತೂ ಊರಿಗೇ ಗೊತ್ತಾಯಿತು. ಅಷ್ಟು ದೊಡ್ಡವರು ಸುದ್ದಿ ಕೇಳಿ ಮಗುವನ್ನು ನೋಡಲು ತಾವಾಗಿ ಬಂದಿದ್ದರು, ಜರಿ ಸೀರೆ ಉಟ್ಟು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತು, ಏನು ಕುಡಿದು ಬಂದಿರಿ ಎಂದು ಕೇಳಿದರು. ಕಾಫಿ ಎಂದರು ಅವರು. ದೊಡ್ಡಮ್ಮ ಒಂದು ಚೊಂಬು ನೀರು ತಂದಿಟ್ಟು, ಅಮಲ್ದಾರರ ಮನೆಯವರಾದರೂ ಬಾಯಿ ಬಾಯಿಯೇ, ಮುಕ್ಕಳಿಸಿ ಬನ್ನಿ ಎಂದರು. ಆಯಮ್ಮನೂ ಒಳ್ಳೆಯವರೇ, ಮುಕ್ಕಳಿಸಿದರು.

ಮೊದಲು ಕಂಡದ್ದು ನಿದ್ದೆ. ದದ್ದು ಎದ್ದಾಗಿನಿಂದ ತುರಿಸಿಕೊಂಡು ಎಚ್ಚರವಾಗುತ್ತಿದ್ದ ಮಗು ಬಿಸಿಲೇರುವವರೆಗೂ ಮಲಗಿತು. ನಾನು ಹೆದರಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಆಮೇಲೆ ಕೆನ್ನೆಯ ಗಾಯ ಒಣಗಿ ಹೊಟ್ಟು ಉದುರಿತು, ಒಳಗಿನಿಂದ ಹೊಸ ಚರ್ಮ ಬಂತು. ರಕ್ತ ನಿಂತಿತು. ಒಂದು ಬೆಳಗ್ಗೆ ಸರಿ ತಡವಾಯಿತೆಂದು ಪುಟ್ಟಿ ರೇಗಿ ಕಿರುಚಿದಳು ನೋಡಿ, ನಮ್ಮ ಮನೆಯ ಒಳಕೋಣೆಯವರೆಗೂ ಕೇಳಿಸಿತು. ನಾನು ಅಡುಗೆಮನೆಯಿಂದ ಓಡಿದೆ, ಅತ್ತೆ ಹಿತ್ತಲಿನಿಂದ ಓಡಿದರು. ಬಾಗಿಲಲ್ಲಿ ದೊಡ್ಡಮ್ಮ ಮಗುವನ್ನು ಎತ್ತಿ ಹಿಡಿದು, ಕೇಳಿಸಿಕೊಳ್ಳಿ ಎನ್ನುವ ಹಾಗೆ ಬೀದಿಯ ಆ ತುದಿಗೂ ಈ ತುದಿಗೂ ತಿರುಗಿಸಿ ತೋರಿಸುತ್ತಿದ್ದರು. ಇನ್ನು ಈ ಮಗು ನನ್ನದೇ, ಯಮನೂ ಕಿತ್ತುಕೊಳ್ಳಲಾರ ಎಂದು ನನಗೆ ಆವತ್ತು ಧೈರ್ಯ ಬಂತು. ಅಳುವ ಮಗುವನ್ನು ನೋಡಿ ಅಷ್ಟು ಜನ ನಕ್ಕದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅತ್ತೆ ಯಾರಿಗೂ ಹೇಳದೆ ತಾವೇ ಹಸು ಬಿಚ್ಚಿದರು. ಊರಿಗೆ ಹೊಡೆದುಕೊಂಡು ಹೋಗುವ ಮೊದಲು ಅದರ ಕತ್ತು ನೀವುತ್ತ, ನಿಂದೇನೂ ತಪ್ಪಿಲ್ಲ ಕಣವ್ವ, ನಿಂದೇನೂ ತಪ್ಪಿಲ್ಲ ಎಂದು ಹೇಳುತ್ತಿದ್ದರು.

ಹಾಸನಕ್ಕೆ ಹೋದಾಗ ಡಾಕ್ಟರು ಪುಟ್ಟಿಯ ಕೆನ್ನೆ ಹಿಂಡಿ, ಇದೇನಾ ಆ ಮಗು ಎಂದರು. ಅಷ್ಟು ಕಟ್ಟುನಿಟ್ಟಾಗಿ ಹೇಗೆ ಮಾಡಿದಿರಿ ಎಂದು ಕೇಳಿದಾಗ ನಾನು ಮಡಿಯ ಕಥೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕು, ಅಂಥವರೊಬ್ಬರನ್ನು ನನ್ನ ಆಸ್ಪತ್ರೆಗೆ ಕಳಿಸಿಕೊಡಿ ಎಂದರು. ಬಂದು ಹೇಳಿದರೆ ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಊರವರೆಲ್ಲ ಮಲಗೆದ್ದ ಮಂಚ, ನಾನು ಅಲ್ಲಿ ಕಾಲಿಡಲೇ ಎಂದರು. ದೊಡ್ಡವಳಾಗುತ್ತ ಒಗ್ಗಿಕೊಳ್ಳಬಹುದು, ಆಗ ನೋಡೋಣ ಎಂದು ಡಾಕ್ಟರು ಹೇಳಿದ್ದನ್ನೂ ತಿಳಿಸಿದೆ. ಅವರು ಒಲೆಗೆ ಸೌದೆ ತುರುಕಿದರು.

ಪುಟ್ಟಿಗೆ ಮೂರು ತುಂಬಿತು. ಯುದ್ಧವೂ ಮುಗಿದಿತ್ತು. ಡಾಕ್ಟರು ಹೇಳಿದಂತೆ ಮೊದಲು ತುಟಿಗೆ ಒಂದು ತೊಟ್ಟು ಹಚ್ಚಿ ಕಾದೆವು. ಏನೂ ಆಗಲಿಲ್ಲ. ಸರಿಯಲ್ಲಿ ಒಂದು ಚಮಚ ಬೆರೆಸಿದೆವು. ಏನೂ ಆಗಲಿಲ್ಲ. ಇನ್ನು ಲೋಟದಲ್ಲಿ ಕೊಟ್ಟು ನೋಡುವುದು ಎಂದಾಯಿತು. ದೊಡ್ಡಮ್ಮನೇ ಸೋಮವಾರ ಗೊತ್ತು ಮಾಡಿದರು. ನಮ್ಮ ಅತ್ತೆ ಊರಿನಿಂದ ಬಂದರು. ಜಗಲಿಯ ಮೇಲೆ ಪುಟ್ಟಿಯನ್ನು ಕೂರಿಸಿ ಲೋಟ ಮುಂದಿಟ್ಟರೆ ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೈಲಿಗೆ ಎಂದಳು. ನಾನು ಹೇಳಿದೆ, ಅವರಪ್ಪ ಹೇಳಿದರು, ಅತ್ತೆ ಮುದ್ದು ಮಾಡಿ ಹೇಳಿದರು. ಕುಡಿಯಲಿಲ್ಲ. ಹುಟ್ಟಿದಾಗಿನಿಂದ ಕೇಳಿ ಬೆಳೆದ ಮಾತು, ಬಿಡುತ್ತಾಳೆಯೇ?

ದೊಡ್ಡಮ್ಮ ಎದುರಿಗೆ ಕೂತು, ಇವತ್ತಿನಿಂದ ಮೈಲಿಗೆ ಇಲ್ಲ ಮಗ ಎಂದರು. ಪುಟ್ಟಿ ಅವರನ್ನೇ ನೋಡುತ್ತ ಲೋಟಕ್ಕೆ ನಾಲಿಗೆಯ ತುದಿ ತಾಗಿಸಿ, ತುಟಿ ಒರೆಸಿಕೊಂಡು, ಲೋಟವನ್ನು ಅವರ ಕಡೆ ತಳ್ಳಿದಳು. ನೀನು ಕುಡಿ ಎಂದಳು. ದೊಡ್ಡಮ್ಮ ಲೋಟ ಎತ್ತಿ, ಮಡಿಯವರು ಕುಡಿಯುವ ಹಾಗೆ, ತುಟಿಗೆ ತಾಗದಂತೆ ಮೇಲಿನಿಂದ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡರು. ಎರಡೂವರೆ ವರ್ಷಕ್ಕೆ ಅವರ ಬಾಯಿಗೆ ಬಿದ್ದ ಮೊದಲ ಹಾಲು.

"ಅಂಗಲ್ಲ," ಎಂದಳು ಪುಟ್ಟಿ. "ನನ್ನಂಗೆ. ಕಚ್ಚಿ ಕುಡಿ."

ಅತ್ತೆ ಕಣ್ಣು ಮುಚ್ಚಿಕೊಂಡರು. ಒಕ್ಕಲು ಮಗುವಿನ ಎಂಜಲು ಲೋಟ. ಗಂಡ ಕುಡಿದ ಲೋಟವನ್ನೂ ಮುಟ್ಟದವರು. ಬೀದಿಯಲ್ಲಿ ಅರ್ಧ ಊರು ನಿಂತಿತ್ತು. ಮಗು ಅಳುತ್ತದೆ, ಇನ್ನೊಂದು ದಿನ ನೋಡೋಣ ಎಂದು ಹೇಳಲು ನಾನು ಬಾಯಿ ತೆರೆದೆ.

ದೊಡ್ಡಮ್ಮ ಯಾರ ಕಡೆಗೂ ನೋಡಲಿಲ್ಲ. ಲೋಟದ ಅಂಚಿಗೆ ತುಟಿ ಇಟ್ಟು, ಪುಟ್ಟಿಗೆ ಕಾಣುವ ಹಾಗೆ ಗಂಟಲು ಆಡಿಸಿ ಕುಡಿದರು. ತುಟಿಯ ಮೇಲೆ ಹಾಲಿನ ಗೆರೆ ಉಳಿಯಿತು. ಒರೆಸಿಕೊಳ್ಳದೆ ಲೋಟ ಮಗುವಿನ ಕೈಗೆ ಕೊಟ್ಟರು. ಪುಟ್ಟಿ ಎರಡೂ ಕೈಯಲ್ಲಿ ಹಿಡಿದು ಒಂದೇ ಸಮನೆ ಗಟಗಟ ಕುಡಿದು, ಖಾಲಿ ಲೋಟವನ್ನು ಬೋರಲು ಮಾಡಿ ತೋರಿಸಿದಳು. ಅತ್ತೆ ಗೋಳೋ ಎಂದು ಅತ್ತುಬಿಟ್ಟರು.

ಆವತ್ತೆಲ್ಲ ಬೀದಿಯವರು ಸರದಿಯ ಮೇಲೆ ಬಂದು ಪುಟ್ಟಿಯ ಕೆನ್ನೆ ನೋಡಿದರು. ಸಂಜೆಗೂ ಏನಿಲ್ಲ. ಬೆಳಗ್ಗೆ ಎದ್ದು ಬಿಸಿಲಿಗೆ ನಿಲ್ಲಿಸಿ ಅಂಗಿ ಬಿಚ್ಚಿ ನೋಡಿದೆ. ಕತ್ತು, ಬೆನ್ನು, ಮೊಣಕೈ ಸಂದು, ಎಲ್ಲೂ ಒಂದು ಚುಕ್ಕೆ ಇಲ್ಲ. ಗೆದ್ದೆವು ಎಂದು ಕೂಗಬೇಕೆನ್ನಿಸಿತು. ಅಷ್ಟರಲ್ಲಿ ದೊಡ್ಡಮ್ಮ ಬೀದಿ ದಾಟಿ ಬಂದರು, ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರು, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ಕೂತರು. ನಮ್ಮ ಗೋಡೆಗೆ. ಒಂದು ಲೋಟ ಕಾಫಿ ಕೊಡವ್ವ, ಹಾಲು ಜಾಸ್ತಿ ಇರಲಿ ಎಂದರು.

ಕಾಫಿ ಕಾಸಿದೆ. ಇದ್ದುದರಲ್ಲಿ ಒಳ್ಳೆಯ ಲೋಟ ತೆಗೆದು ಹುಣಿಸೆಹಣ್ಣು ಹಾಕಿ ಉಜ್ಜಿದೆ, ತೊಳೆದೆ, ಮತ್ತೆ ಉಜ್ಜಿದೆ, ಮತ್ತೆ ತೊಳೆದೆ. ದೊಡ್ಡಮ್ಮ ನೋಡುವವರೆಗೆ ನೋಡಿದರು.

"ಎಷ್ಟು ಕಿತ ತೊಳೀತೀಯವ್ವ ಅದನ್ನ," ಎಂದರು, "ಕಾಫಿ ಆರೋಯ್ತದೆ, ತತ್ತಾ."